ಪರಿಚಯ ಕೇಳುವುದು ವಶೀಲಿ ಅಲ್ಲ

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯವಳು. ಇಲ್ಲಿನ ಒಂದು ಬೇಳೆ ಮಿಲ್ಲಿನಲ್ಲಿ ಏಳು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ. ಎರಡು ವರ್ಷದ ಹಿಂದೆ ಮಿಲ್ಲು ಮುಚ್ಚಿತು. ಆಮೇಲೆ ಒಂಬತ್ತು ತಿಂಗಳು ಕೆಲಸ ಹುಡುಕಿದೆ. ಈಗ ಕೆಲಸ ಸಿಕ್ಕಿದೆ, ನೆಮ್ಮದಿಯಿಂದ ಇದ್ದೇನೆ. ಆದರೆ ಆ ಒಂಬತ್ತು ತಿಂಗಳಲ್ಲಿ ಎಂಟು ತಿಂಗಳು ಸುಮ್ನೆ ಹಾಳಾದವು. ಒಂದು ತಪ್ಪು ತಿಳಿವಳಿಕೆ ತಲೆಯಲ್ಲಿ ಕೂತಿತ್ತು, ಅದರಿಂದಲೇ ಹಾಳಾದವು. ಈಗ ಅದೇ ತಪ್ಪನ್ನು ನನ್ನ ತಮ್ಮನ ಗೆಳೆಯರು ಮಾಡುತ್ತಿದ್ದಾರೆ, ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗಿಯರೂ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ಜಾಗ ಕೊಡಿ.

ನನ್ನ ತಪ್ಪು ಏನೆಂದರೆ, ನಾನು ಯಾರನ್ನೂ ಕೇಳಲಿಲ್ಲ. ಮೊಬೈಲಿನಲ್ಲಿ ಕಂಡ ಜಾಹೀರಾತಿಗೆಲ್ಲ ಬಯೋಡೇಟಾ ಕಳಿಸಿದೆ. ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಿಸಿಲಲ್ಲಿ ನಡೆದು ನಡೆದು ಗೇಟಿನಲ್ಲಿ ವಾಚ್‌ಮನ್ ಕೈಗೆ ಲಕೋಟೆ ಕೊಟ್ಟು ಬಂದೆ. ಒಂದಕ್ಕೂ ಉತ್ತರ ಬರಲಿಲ್ಲ. ಗೊತ್ತಿದ್ದವರ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಯಾಕೆಂದರೆ ನಮ್ಮ ಕಡೆ ನೌಕರಿಗೆ ಒಬ್ಬರನ್ನು ಕೇಳುವುದು ಅಂದರೆ ವಶೀಲಿ ಹಚ್ಚುವುದು ಅಂತಲೇ ಅರ್ಥ. ನಮ್ಮ ಅಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಯ ಗುಮಾಸ್ತರಾಗಿ ಮೂವತ್ತು ವರ್ಷ ದುಡಿದವರು. ಚಿಕ್ಕಂದಿನಿಂದ ಅವರು ಹೇಳಿದ್ದು ಒಂದೇ ಮಾತು, "ಯಾರ ಮುಂದನೂ ಕೈ ಚಾಚಬ್ಯಾಡ ನೋಡವ್ವ." ಆ ಮಾತಿನ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಕೈ ಚಾಚುವುದು ಬೇರೆ, ದಾರಿ ಕೇಳುವುದು ಬೇರೆ ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ.

ಕೇಳಿದ್ದು ಯಾರನ್ನಾದರೂ ಇದ್ದರೆ ಅದು ಮಿಲ್ಲಿನಲ್ಲಿ ನನ್ನ ಜೊತೆ ಇದ್ದವರನ್ನು. ನಾವು ಆಫೀಸಿನವರು ಆರು ಜನ. ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಿದ್ದೆವು, ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಿದ್ದೆವು. ಅದು ಬೇಕಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆರೂ ಜನರಿಗೆ ಗೊತ್ತಿದ್ದದ್ದು ಅದೇ ನಾಲ್ಕು ಮಿಲ್ಲು, ಅದೇ ಇಬ್ಬರು ಮಾಲೀಕರು, ಅದೇ ಸುದ್ದಿ. ಎಲ್ಲರೂ ಒಂದೇ ಬಾವಿಯಲ್ಲಿ ಕೊಡ ಇಳಿಸಿದರೆ ಯಾರಿಗೆ ಎಷ್ಟು ನೀರು ಬಂದೀತು?

ಎಂಟನೇ ತಿಂಗಳು. ಪಿಎಫ್ ಹಣ ತೆಗೆಯಬೇಕಿತ್ತು, ಹಳೆಯ ಕಾಗದದ ಚೀಲ ಕೆಳಗಿಳಿಸಿ ಸಂಬಳದ ಸ್ಲಿಪ್ಪು ಹುಡುಕುತ್ತಿದ್ದೆ. ಅದರಲ್ಲಿ ಒಂದು ಹಳೆಯ ಡೈರಿ ಸಿಕ್ಕಿತು. ಒಳಗೆ ಲಾರಿ ರಶೀದಿ ನಂಬರುಗಳನ್ನು ಬರೆದುಕೊಂಡಿದ್ದೆ. ಬೇಳೆ ಲೋಡಾಗಿ ಹೋದ ಮೇಲೆ ಎಲ್‌ಆರ್ ನಂಬರು ಬರೆಸಿಕೊಳ್ಳಲು ವಾರಕ್ಕೆ ಎರಡು ಮೂರು ಸಲ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಫೋನ್ ಎತ್ತುತ್ತಿದ್ದವರು ಒಬ್ಬ ಹಿರಿಯರು. ಅವರ ಮುಖ ನಾನು ನೋಡಿರಲಿಲ್ಲ. ಕಾಕಾ ಅನ್ನುತ್ತಿದ್ದೆ, ಅವರು ತಂಗಿ ಅನ್ನುತ್ತಿದ್ದರು. ನಂಬರು ಬರೆಸಿ "ಊಟ ಆಯ್ತಾ" ಅಂತ ಕೇಳಿ ಇಡುತ್ತಿದ್ದರು. ನಮ್ಮ ಪರಿಚಯ ಇದ್ದದ್ದು ಅಷ್ಟೇ. ಆ ದಿನ ಡೈರಿ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತೆ. ಆಮೇಲೆ ಫೋನ್ ಮಾಡಿದೆ. ಮಿಲ್ಲು ಮುಚ್ಚಿದ್ದು ಅವರಿಗೆ ಗೊತ್ತಿತ್ತು, ನಾನು ಮನೆಯಲ್ಲಿ ಕೂತಿದ್ದು ಗೊತ್ತಿರಲಿಲ್ಲ.

"ತಂಗಿ, ಇಷ್ಟ್ ದಿನ ಯಾಕ ಫೋನ್ ಮಾಡಿಲ್ಲ? ನಮ್ಮ ಆಫೀಸಿನಾಗೇ ಎರಡು ತಿಂಗಳಿಂದ ಲೆಕ್ಕ ಬರೆಯೋರನ್ನ ಹುಡುಕ್ಲತೀವಿ."

ಎರಡು ತಿಂಗಳಿಂದ! ಆ ಆಫೀಸು ನಮ್ಮ ಮನೆಯಿಂದ ಆಟೊದಲ್ಲಿ ಹತ್ತು ನಿಮಿಷದ ದಾರಿ. ಅವರು ಎಲ್ಲೂ ಜಾಹೀರಾತು ಹಾಕಿರಲಿಲ್ಲ. ಹಾಕುವುದೂ ಇಲ್ಲ. ನಮ್ಮ ಊರಿನಲ್ಲಿ ಹತ್ತು ಹದಿನೈದು ಜನ ಕೆಲಸ ಮಾಡುವ ಎಷ್ಟೋ ಆಫೀಸುಗಳು ಯಾವತ್ತೂ ಜಾಹೀರಾತು ಹಾಕುವುದಿಲ್ಲ, ನಾಲ್ಕು ಜನರ ಕಿವಿಗೆ ಹಾಕಿ ಕಾಯುತ್ತಾರೆ.

ಕಾಕಾ ನನಗೆ ಕೆಲಸ ಕೊಡಿಸಲಿಲ್ಲ. ಇದನ್ನು ಒತ್ತಿ ಹೇಳಬೇಕು. ಅವರು ಮಾಲೀಕರ ಹತ್ತಿರ ಹೇಳಿದ್ದು ಇಷ್ಟೇ: ಈ ಹುಡುಗಿ ಮಿಲ್ಲಿನಿಂದ ಫೋನ್ ಮಾಡುವಾಗ ಒಂದು ಸಲವೂ ನಂಬರು ತಪ್ಪು ಬರೆದುಕೊಂಡವಳಲ್ಲ, ಒಮ್ಮೆ ಕರೆದು ನೋಡ್ರಿ. ಮಾಲೀಕರು ಕರೆದರು. ಕಂಪ್ಯೂಟರಿನ ಮುಂದೆ ಕೂರಿಸಿ ಹಿಂದಿನ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಕೈಗಿಟ್ಟು, ಕಂಪ್ಯೂಟರಿನ ಟ್ಯಾಲಿ ಲೆಕ್ಕದಲ್ಲಿ ಇರುವುದಕ್ಕೂ ಇದಕ್ಕೂ ಹೊಂದುತ್ತಿಲ್ಲ, ಎಲ್ಲಿ ತಪ್ಪಾಗಿದೆ ನೋಡಮ್ಮ ಅಂದರು. ಎರಡು ತಾಸು ಹಿಡಿಯಿತು. ಡೀಸೆಲ್ ಬಂಕಿಗೆ ಕೊಟ್ಟ ಒಂದು ಪೇಮೆಂಟು ಎರಡು ಸಲ ಎಂಟ್ರಿ ಆಗಿತ್ತು, ಒಮ್ಮೆ ಚೆಕ್ ನಂಬರಿನಲ್ಲಿ, ಒಮ್ಮೆ ನಂಬರಿಲ್ಲದೆ. ಇನ್ನೊಂದು ಕಡೆ ಬ್ಯಾಂಕಿನವರು ಕತ್ತರಿಸಿದ ಚಾರ್ಜು ಎಂಟ್ರಿಯೇ ಆಗಿರಲಿಲ್ಲ. ತೋರಿಸಿದೆ. ಮರುದಿನ ಬರಲು ಹೇಳಿದರು. ವಶೀಲಿಯಲ್ಲಿ ನಿಮ್ಮ ಕೆಲಸವನ್ನು ಯಾರೂ ನೋಡುವುದಿಲ್ಲ, ಯಾರ ಕಡೆಯವರು ಅಂತ ನೋಡುತ್ತಾರೆ. ಇಲ್ಲಿ ಬಾಗಿಲು ತೆಗೆಸಿದ್ದು ಕಾಕಾ, ಲೆಕ್ಕ ಹೊಂದಿಸಿದ್ದು ನಾನೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನಾವು ನಮ್ಮ ಮಕ್ಕಳ ಬಾಯಿ ಕಟ್ಟಿದ್ದೇವೆ.

ತಮ್ಮನ ಗೆಳೆಯನೊಬ್ಬ ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾನೆ. ಈ ಕಥೆ ಕೇಳಿ, "ಅಕ್ಕಾ, ಇದನ್ನ ಐವತ್ತು ವರ್ಷದ ಹಿಂದೇನೇ ಒಬ್ಬರು ಲೆಕ್ಕ ಹಾಕ್ಯಾರ" ಅಂದ. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಅನ್ನುವವರು. ಬಾಸ್ಟನ್ ಪಕ್ಕದ ನ್ಯೂಟನ್ ಅನ್ನುವ ಊರಿನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಹುಡುಕಿ, ನಿಮಗೆ ಈ ಕೆಲಸದ ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿ ಆಗುತ್ತಿದ್ದಿರಿ ಅಂತ ಕೇಳಿದರಂತೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ವಾರಕ್ಕೆ ಎರಡು ಸಲವಾದರೂ ಭೇಟಿ ಆಗುತ್ತಿದ್ದ ಹತ್ತಿರದವರಿಂದ ಸುದ್ದಿ ಸಿಕ್ಕಿದ್ದು ಶೇ 16.7 ಜನರಿಗೆ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ ಶೇ 55.6. ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ಸಿಗುವವರಿಂದ ಶೇ 27.8. 1973ರಲ್ಲಿ ಇದನ್ನು ಅವರು ಪ್ರಕಟಿಸಿದರು. ಕಾರಣವೂ ಸರಳ. ಹತ್ತಿರದವರಿಗೆ ನಮಗೆ ಗೊತ್ತಿದ್ದಷ್ಟೇ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ಕಡೆ ಓಡಾಡುವವರಿಂದ. ನಮ್ಮ ಮಿಲ್ಲಿನ ಆರು ಜನರ ಕಥೆಯೇ ಇದು, ಅಲ್ವಾ? 2022ರಲ್ಲಿ ಉದ್ಯೋಗದ ಪರಿಚಯಗಳ ವೆಬ್‌ಸೈಟಾದ ಲಿಂಕ್ಡ್‌ಇನ್‌ನ 2 ಕೋಟಿ ಜನರ ಐದು ವರ್ಷದ ಲೆಕ್ಕ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಿದ್ದಾರೆ. ಅಲ್ಲಿಯೂ ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯವೇ ಕೆಲಸ ಬದಲಿಸಲು ಜಾಸ್ತಿ ಉಪಯೋಗಕ್ಕೆ ಬಂದಿದೆ. ಆದರೆ ಕಂಪ್ಯೂಟರ್ ಕಡಿಮೆ ಬಳಸುವ ಉದ್ಯೋಗಗಳಲ್ಲಿ ಹತ್ತಿರದವರ ಮಾತಿಗೇ ಬೆಲೆ ಜಾಸ್ತಿ ಅಂತಲೂ ಅದರಲ್ಲಿ ಇದೆಯಂತೆ. ಅಂದರೆ ಗಂಜಿನ ಅಂಗಡಿಯಲ್ಲಿ ಒಂದು ಥರ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಇನ್ನೊಂದು ಥರ. ನಾವು ಯಾವ ಕೆಲಸ ಹುಡುಕುತ್ತಿದ್ದೇವೆ ಅನ್ನುವುದನ್ನು ನೋಡಿಕೊಂಡು ಯಾರನ್ನು ಕೇಳಬೇಕು ಅಂತ ತೀರ್ಮಾನಿಸಬೇಕು.

ಇನ್ನು ನನ್ನ ತಮ್ಮ. ಅವನು 2024ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದ. ಕೆಲಸವಿಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ ಬರುತ್ತದೆ, ಅದು ಎರಡು ವರ್ಷದವರೆಗೆ ಮಾತ್ರ. ಅದರಲ್ಲಿ ಮೊಬೈಲ್ ರೀಚಾರ್ಜ್, ಬಯೋಡೇಟಾ ಪ್ರಿಂಟು, ಇಂಟರ್‌ವ್ಯೂಗೆ ಅಂತ ಬೆಂಗಳೂರಿಗೆ ರೈಲು ಟಿಕೆಟ್ಟು. ಅವನು ನನ್ನ ಥರ ಸುಮ್ಮನೆ ಕೂತವನಲ್ಲ. ಅವನದು ಇನ್ನೊಂದು ತುದಿ, ಎಲ್ಲರನ್ನೂ ಕೇಳುತ್ತಿದ್ದ. ಒಂದು ದಿನ ಅವನ ಲಿಂಕ್ಡ್‌ಇನ್ ತೆಗೆದು ತೋರಿಸು ಅಂದೆ. ನೂರಕ್ಕೂ ಜಾಸ್ತಿ ಜನರಿಗೆ ಒಂದೇ ಮೆಸೇಜು. "ಡಿಯರ್ ಸರ್, ಐ ಆ್ಯಮ್ ಎ ಫ್ರೆಶರ್, ಪ್ಲೀಸ್ ರೆಫರ್ ಮಿ ಇನ್ ಯುವರ್ ಕಂಪನಿ." ಕೆಳಗೆ ಬಯೋಡೇಟಾ. ಹೆಂಗಸರಿಗೂ ಡಿಯರ್ ಸರ್ ಅಂತಲೇ ಹೋಗಿತ್ತು. ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಅವನಿಗೆ ಬೇಜಾರು. "ನಮ್ಮ ಕಡೆಯವರ ಮೆಸೇಜ್ ಯಾರೂ ಓದಂಗಿಲ್ಲ ಅಕ್ಕಾ" ಅಂದ.

ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಆದರೆ ಆ ಮೆಸೇಜು ಓದಿದವರ ಜಾಗದಲ್ಲಿ ಕೂತು ನೋಡಿದರೆ, ಅವರು ಏನು ಮಾಡಬೇಕು? ಗುರುತಿಲ್ಲದ ಹುಡುಗನ ಹೆಸರನ್ನು ತಮ್ಮ ಕಂಪನಿಯಲ್ಲಿ ತಾವು ಹೇಳಬೇಕು. ನಾಳೆ ಅವನು ಸರಿಯಾಗಿ ಕೆಲಸ ಮಾಡದಿದ್ದರೆ ಇವರ ಮಾತಿಗೆ ಬೆಲೆ ಹೋಗುತ್ತದೆ. ಮೊದಲನೇ ಮೆಸೇಜಿನಲ್ಲೇ ಇಷ್ಟು ದೊಡ್ಡದನ್ನು ಕೇಳಿದರೆ ಯಾರಾದರೂ ಸುಮ್ಮನಾಗುತ್ತಾರೆ. ಇಬ್ಬರೂ ಕೂತು ಬೇರೆ ಬರೆದೆವು. ನೂರು ಜನ ಬೇಡ, ಹತ್ತು ಜನ ಸಾಕು ಅಂದೆ. ಅವನ ಕಾಲೇಜಿನಲ್ಲೇ ಓದಿ ನಾಲ್ಕೈದು ವರ್ಷದ ಹಿಂದೆ ಹೊರಗೆ ಹೋದವರನ್ನು ಮಾತ್ರ ಆರಿಸಿದೆವು. ಒಬ್ಬರಿಗೆ ಕಳಿಸಿದ್ದು ಹೀಗಿತ್ತು:

"ನಮಸ್ಕಾರ ಅಣ್ಣಾ. ನಾನು ಕಲಬುರಗಿಯವನು, ನೀವು ಓದಿದ ಕಾಲೇಜಿನಲ್ಲೇ 2024ರಲ್ಲಿ ಎಲೆಕ್ಟ್ರಿಕಲ್ ಮುಗಿಸಿದೆ. ನೀವು ಸಬ್‌ಸ್ಟೇಷನ್ ಟೆಸ್ಟಿಂಗ್ ಕೆಲಸದಲ್ಲಿ ಇದ್ದೀರಿ ಅಂತ ನೋಡಿದೆ. ನಾನು ಕೊನೆಯ ವರ್ಷ ರಿಲೇ ಮೇಲೆ ಪ್ರಾಜೆಕ್ಟ್ ಮಾಡಿದ್ದೆ. ಈ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಏನೇನು ಕೇಳುತ್ತಾರೆ, ನಾನು ಮೊದಲು ಏನು ಕಲಿಯಬೇಕು ಅನ್ನುವುದು ತಿಳಿದರೆ ದೊಡ್ಡ ಉಪಕಾರ. ನಿಮಗೆ ಬಿಡುವಿದ್ದಾಗ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದಾ?"

ಹತ್ತರಲ್ಲಿ ನಾಲ್ಕು ಜನ ಉತ್ತರ ಕೊಟ್ಟರು. ಈ ಅಣ್ಣ ಆ ಭಾನುವಾರವೇ ಫೋನ್ ಮಾಡಿದರು. ಹತ್ತು ನಿಮಿಷ ಅಂತ ಶುರುವಾಗಿ ಮುಕ್ಕಾಲು ತಾಸು ಮಾತಾಡಿದರು, ನಮ್ಮ ಕಡೆಯ ಮಾತು ಕೇಳಿ ಅವರಿಗೂ ಖುಷಿ ಆಗಿರಬೇಕು. ಸಿಂಗಲ್ ಲೈನ್ ಡಯಾಗ್ರಾಂ (ವಿದ್ಯುತ್ ಸಂಪರ್ಕಗಳ ನಕ್ಷೆ) ನೋಡಿದ ತಕ್ಷಣ ಓದಲು ಬರುತ್ತಾ, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಉಪಕರಣ) ಕೈಯಲ್ಲಿ ಹಿಡಿದು ಅಳತೆ ಮಾಡಿದ್ದೀಯಾ ಅಂತ ಕೇಳಿದರು. ಇವನು ಪುಸ್ತಕದಲ್ಲಿ ಓದಿದ್ದ, ಕೈಯಲ್ಲಿ ಹಿಡಿದಿರಲಿಲ್ಲ. ಇನ್ನೊಂದು ಸುದ್ದಿ ಹೇಳಿದರು, ಅದು ಇವನ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಹೊಸ ಹುಡುಗರನ್ನು ದೊಡ್ಡ ಕಂಪನಿಗಳಿಗಿಂತ ಜಾಸ್ತಿ ತೆಗೆದುಕೊಳ್ಳುವುದು ಅವುಗಳ ಕೈಕೆಳಗೆ ಟೆಸ್ಟಿಂಗ್ ಗುತ್ತಿಗೆ ಮಾಡುವ ಸಣ್ಣ ಕಂಪನಿಗಳು, ಅವುಗಳ ಹೆಸರು ಜಾಹೀರಾತಿನಲ್ಲಿ ಕಾಣುವುದೇ ಇಲ್ಲ. ಅಂಥ ಮೂರು ಕಂಪನಿಗಳನ್ನು ಹೇಗೆ ಹುಡುಕಬೇಕು ಅಂತ ದಾರಿ ಹೇಳಿದರು.

ತಮ್ಮ ಮರುದಿನವೇ ಓಣಿಯ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರ್ಯಾಕ್ಟರ್ ಹತ್ತಿರ ಹೋದ. ಸಂಬಳ ಬೇಡ, ಮೆಗ್ಗರ್ ಹಿಡಿಯಲು ಕಲಿಸಿ ಅಂದ. ಒಂದು ತಿಂಗಳು ಅವರ ಜೊತೆ ತಿರುಗಿದ. ಆಮೇಲೆ ಆ ಅಣ್ಣನಿಗೆ ಮತ್ತೆ ಮೆಸೇಜು, ನೀವು ಹೇಳಿದ್ದು ಕಲಿತೆ ಅಂತ, ಕೆಲಸ ಮಾಡುವಾಗ ತೆಗೆದ ಫೋಟೊ ಜೊತೆ. ರೆಫರ್ ಮಾಡಿ ಅಂತ ಇವನು ಇಡೀ ಮಾತುಕತೆಯಲ್ಲಿ ಒಂದು ಸಲವೂ ಕೇಳಿಲ್ಲ. ಫೋಟೊ ನೋಡಿ ಅವರೇ, ನಿನ್ನ ಬಯೋಡೇಟಾ ಕಳಿಸು ಅಂದರು. ಎರಡು ಇಂಟರ್‌ವ್ಯೂ ಆಗಿವೆ, ಇನ್ನೂ ಕೆಲಸ ಆಗಿಲ್ಲ. ಆದರೆ ರಾತ್ರಿ ಎರಡು ಗಂಟೆವರೆಗೆ ಮೊಬೈಲು ತಿಕ್ಕುತ್ತಾ ಕೂರುತ್ತಿದ್ದ ಹುಡುಗ ಈಗ ಬೆಳಗ್ಗೆ ಎದ್ದು ಹೊರಡುತ್ತಾನೆ.

ಇಲ್ಲಿ ಹೆಣ್ಣುಮಕ್ಕಳ ಕಷ್ಟದ ಬಗ್ಗೆ ಎರಡು ಮಾತು ಬರೆಯಲೇಬೇಕು. ಗಂಜಿನಲ್ಲಿ, ಸೂಪರ್ ಮಾರ್ಕೆಟಿನಲ್ಲಿ, ಬಸ್‌ಸ್ಟ್ಯಾಂಡ್ ಎದುರು ಗಂಡಸರು ಚಹಾ ಕುಡಿಯುತ್ತಾ ನಿಂತಿರುತ್ತಾರಲ್ಲ, ನಮ್ಮ ಊರಿನ ಅರ್ಧ ನೌಕರಿಗಳ ಸುದ್ದಿ ಅಲ್ಲೇ ಓಡಾಡುತ್ತದೆ. ಅಲ್ಲೊಬ್ಬ ಬಿಟ್ಟನಂತೆ, ಇಲ್ಲೊಬ್ಬರು ಬೇಕಂತೆ. ಆ ಚಹಾದ ಅಂಗಡಿಯ ಮುಂದೆ ನಾವು ನಿಲ್ಲಲು ಆಗುವುದಿಲ್ಲ. ಪರಿಚಯ ಇಲ್ಲದ ಗಂಡಸರಿಗೆ ಫೋನ್ ಮಾಡಿದರೆ ಅವರು ಏನು ತಿಳಿದುಕೊಳ್ಳುತ್ತಾರೋ, ಮನೆಯವರು ಏನು ಅನ್ನುತ್ತಾರೋ ಅನ್ನುವ ಭಯ. ಮದುವೆಯಾದವರಿಗಂತೂ ಇದು ಇನ್ನೂ ಜಾಸ್ತಿ. ಹಾಗಾಗಿ ಹುಡುಗನಿಗೆ ಬಿಟ್ಟಿಯಾಗಿ ಸಿಗುವ ಸುದ್ದಿ, ಅಷ್ಟೇ ಓದಿದ ಹುಡುಗಿಗೆ ಸಿಗುವುದೇ ಇಲ್ಲ.

ನಾನು ಕಂಡುಕೊಂಡದ್ದು ಹೇಳುತ್ತೇನೆ. ಯಾರಿಗೆ ಲೆಕ್ಕ ಬರೆಯುವವರು ಬೇಕಾಗಿದ್ದಾರೆ ಅನ್ನುವುದು ಮೊದಲು ಗೊತ್ತಾಗುವುದು ತೆರಿಗೆ ಸಲಹೆಗಾರರ ಆಫೀಸಿನಲ್ಲಿ. ಯಾಕೆಂದರೆ ಅಕೌಂಟೆಂಟ್ ಬಿಟ್ಟುಹೋದ ಅಂಗಡಿಯ ಬಿಲ್ಲುಗಳು ಅಲ್ಲಿಗೆ ತಡವಾಗಿ ಬರುತ್ತವೆ, ಜಿಎಸ್‌ಟಿ ರಿಟರ್ನ್ ತಡ ಆಗುತ್ತದೆ, ದಂಡ ಬೀಳುತ್ತದೆ. ಅಂಥ ಆಫೀಸುಗಳಲ್ಲಿ ಎಂಟ್ರಿ ಮಾಡುವ ಹುಡುಗಿಯರು ಇರುತ್ತಾರೆ. ಅವರನ್ನು ಕೇಳಿ. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಅಕ್ಕಂದಿರನ್ನು ಕೇಳಿ. ಬೇರೆಯವರಿಗೆ ಫೋನ್ ಮಾಡುವುದಾದರೆ ಆಫೀಸಿನ ಹೊತ್ತಿನಲ್ಲಿ ಮಾಡಿ, ಮೊದಲ ಮಾತಿನಲ್ಲೇ ನಾನು ಇಂಥವಳು, ಇಂಥ ವಿಷಯ ಕೇಳಲು ಮಾಡಿದ್ದೇನೆ ಅಂತ ಹೇಳಿಬಿಡಿ, ಭೇಟಿ ಆಗುವುದಿದ್ದರೆ ಅವರ ಆಫೀಸಿನಲ್ಲೇ ಆಗಿ. ಮತ್ತೆ, ಲೆಕ್ಕದ ಕೆಲಸದವರಿಗೆ ತಿಂಗಳ 11ನೇ ತಾರೀಖಿನ ಹಿಂದೆಮುಂದೆ, 20ನೇ ತಾರೀಖಿನ ಹಿಂದೆಮುಂದೆ ಫೋನ್ ಮಾಡಬೇಡಿ. ರಿಟರ್ನ್ ಹಾಕುವ ಗಡಿಬಿಡಿಯಲ್ಲಿ ಯಾರಿಗೂ ನಿಮ್ಮ ಮಾತು ಕೇಳುವಷ್ಟು ವ್ಯವಧಾನ ಇರುವುದಿಲ್ಲ. 22, 23ಕ್ಕೆ ಮಾಡಿ, ಅದೇ ಮನುಷ್ಯರು ಚಹಾ ತರಿಸಿ ಮಾತಾಡುತ್ತಾರೆ.

ಇನ್ನೊಂದು ವಿಷಯ ನನ್ನ ಮನಸ್ಸನ್ನು ಕೊರೆಯುತ್ತಾ ಇದೆ. ನಮ್ಮ ಭಾಗದಲ್ಲಿ ಪರಿಚಯ ಅನ್ನುವುದು ಹರಿಯುವ ಕಾಲುವೆಗಳನ್ನು ಮೊದಲೇ ತೋಡಿಟ್ಟಿದ್ದಾರೆ. ಜಾತಿ, ಬೀಗರು, ಮಠ, ಅಪ್ಪನ ಹುದ್ದೆ. ಮಾವ ತಹಶೀಲ್ದಾರ್ ಆಫೀಸಿನಲ್ಲಿ, ಕಾಕಾ ಸಿಮೆಂಟ್ ಫ್ಯಾಕ್ಟರಿಯಲ್ಲಿ ಇದ್ದವರ ಮನೆಯ ಹುಡುಗ ಬಾಯಿ ತೆಗೆಯುವ ಮೊದಲೇ ನಾಲ್ಕು ಕಡೆ ಸುದ್ದಿ ಹೋಗಿರುತ್ತದೆ. ಚಿಂಚೋಳಿ ಕಡೆಯ ತಾಂಡಾದಿಂದ ಬಂದು ಹಾಸ್ಟೆಲಿನಲ್ಲಿ ಓದಿದ ಹುಡುಗಿಗೆ ಯಾರಿದ್ದಾರೆ? ಅವಳ ಅಪ್ಪ ಅವ್ವ ವರ್ಷದ ಆರು ತಿಂಗಳು ಮುಂಬೈ, ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿ ಇರುತ್ತಾರೆ. ಮನೆಯಲ್ಲಿ ಡಿಗ್ರಿ ಮುಗಿಸಿದವಳು ಅವಳೇ ಮೊದಲನೆಯವಳು. ಅವಳಿಗೆ "ನಿನ್ನ ಪರಿಚಯದವರನ್ನು ಕೇಳು" ಅಂದರೆ ಅದು ಉಪದೇಶ ಆಗುವುದಿಲ್ಲ, ಗಾಯದ ಮೇಲೆ ಉಪ್ಪು ಆಗುತ್ತದೆ. ಆದರೆ ನನ್ನ ಕಾಕಾ ನನ್ನ ಜಾತಿಯವರಲ್ಲ, ನನ್ನ ಊರಿನವರಲ್ಲ, ಬಂಧು ಅಲ್ಲ. ಫೋನಿನಲ್ಲಿ ನಂಬರು ಬರೆಸಿದವರು. ಅಂಥ ಪರಿಚಯ ಹುಟ್ಟಿನಿಂದ ಬರಬೇಕಾಗಿಲ್ಲ, ಓದುವಾಗಲೇ ಮಾಡಿಕೊಳ್ಳಬಹುದು. ಅದಕ್ಕೆ ಕಾಲೇಜುಗಳು ಕೈ ಹಿಡಿಯಬೇಕು. ನಾನು ಓದಿದ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಅಂತ ಇದೆ, ವರ್ಷಕ್ಕೆ ಒಮ್ಮೆ ಸೇರಿ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಯಾವ ಹಳೆಯ ವಿದ್ಯಾರ್ಥಿ ಈಗ ಎಲ್ಲಿ ಏನು ಕೆಲಸ ಮಾಡುತ್ತಿದ್ದಾರೆ ಅನ್ನುವ ಒಂದು ರಿಜಿಸ್ಟರ್ ಇಟ್ಟು, ಅವರ ಒಪ್ಪಿಗೆ ಕೇಳಿ, ಕೊನೆಯ ವರ್ಷದ ಮಕ್ಕಳಿಗೆ ತೋರಿಸಿದರೆ ಎಷ್ಟು ಖರ್ಚಾಗುತ್ತದೆ? ಒಂದು ನೋಟ್‌ಬುಕ್ಕಿನ ಖರ್ಚು.

ಸರ್ಕಾರಿ ನೌಕರಿಯ ಮಾತು ಬೇರೆ. ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ 371(ಜೆ) ಬಂದಿದ್ದು ನಮ್ಮ ಭಾಗದ ಎಷ್ಟೋ ವರ್ಷದ ಹೋರಾಟದ ಫಲ. 2012ರ 98ನೇ ತಿದ್ದುಪಡಿ ಆಗದೇ ಇದ್ದಿದ್ದರೆ ನಮ್ಮ ಓಣಿಯ ಎಷ್ಟೋ ಮಕ್ಕಳು ಡಾಕ್ಟರ್, ಎಂಜಿನಿಯರ್ ಓದುತ್ತಿರಲಿಲ್ಲ, ಅದು ನನಗೆ ಗೊತ್ತು. ಸರ್ಕಾರಿ ಹುದ್ದೆಗೆ ಅಧಿಸೂಚನೆ ಬರುತ್ತದೆ, ಪರೀಕ್ಷೆ ಇರುತ್ತದೆ, ಅಲ್ಲಿ ಪರಿಚಯ ಕೆಲಸ ಮಾಡಬಾರದು. ಮಾಡಿದರೆ ಅದೇ ವಶೀಲಿ, ಅದೇ ಅನ್ಯಾಯ. ಆದರೆ ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಫ್ಯಾಕ್ಟರಿಗಳ ಸುತ್ತ ಎಷ್ಟು ಗುತ್ತಿಗೆದಾರರು, ಎಷ್ಟು ಲಾರಿ ಆಫೀಸುಗಳು ಇವೆ! ಯಾದಗಿರಿಯ ಕಡೇಚೂರಿನಲ್ಲಿ, ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಷ್ಟು ಕಾರ್ಖಾನೆಗಳಿವೆ. ಅಲ್ಲಿನ ಖಾಸಗಿ ಕೆಲಸಗಳಿಗೆ ಅಧಿಸೂಚನೆ ಬರುವುದಿಲ್ಲ. ಅಲ್ಲಿ ನಡೆಯುವುದು ಒಬ್ಬರಿಂದ ಒಬ್ಬರಿಗೆ ಹೋಗುವ ಸುದ್ದಿ. ಆ ಸುದ್ದಿ ನಮ್ಮ ಮಕ್ಕಳ ಕಿವಿಗೆ ಬೀಳದೇ ಇದ್ದರೆ ನಮ್ಮ ಮನೆಯ ಬಾಗಿಲಲ್ಲಿರುವ ಕೆಲಸಕ್ಕೆ ಹೊರಗಿನವರು ಬರುತ್ತಾರೆ, ಆಮೇಲೆ ನಾವು ಸ್ಥಳೀಯರಿಗೆ ಕೆಲಸ ಕೊಡಲಿಲ್ಲ ಅಂತ ಧರಣಿ ಕೂರುತ್ತೇವೆ.

ಒಂದು ಎಚ್ಚರಿಕೆ. ಈ ಪತ್ರ ಓದಿ ಯಾರಾದರೂ ಪರಿಚಯದ ಹೆಸರಿನಲ್ಲಿ ದುಡ್ಡು ಕೊಟ್ಟು ಬರಬೇಡಿ. ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇವೆ ಅಂದವರಿಗೆ ರಿಜಿಸ್ಟ್ರೇಷನ್ ಅಂತ 2,500, ಟ್ರೇನಿಂಗ್ ಅಂತ 8,000 ಕೊಟ್ಟ. ಅವರ ಅವ್ವ ಕಿವಿಯೋಲೆ ಅಡ ಇಟ್ಟಿದ್ದರು. ಆಫರ್ ಲೆಟರ್ ಬಂತು, ಅದರಲ್ಲಿದ್ದ ವಿಳಾಸಕ್ಕೆ ಹೋದರೆ ಅಲ್ಲಿ ಆಫೀಸೇ ಇರಲಿಲ್ಲ. ನಿಜವಾದ ಕೆಲಸ ಕೊಡುವವರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಉದ್ಯೋಗ ವಿನಿಮಯ ಕಚೇರಿ ಎಲ್ಲಿದೆ ಅಂತ ಕೇಳಿ ಹೆಸರು ಬರೆಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಅನ್ನುವ ಉದ್ಯೋಗದ ವೆಬ್‌ಸೈಟು 2015ರಿಂದ ಇದೆ, ಅದಕ್ಕೂ ದುಡ್ಡಿಲ್ಲ.

ಮತ್ತೆ, ಸಹಾಯ ಮಾಡಿದವರಿಗೆ ಆಮೇಲೆ ಏನಾಯಿತು ಅಂತ ತಿಳಿಸಿ. ನಾವು ಇದನ್ನು ಮಾಡುವುದೇ ಇಲ್ಲ. ಕೆಲಸ ಸಿಕ್ಕ ಮೇಲೆ ಫೋನ್ ಇಲ್ಲ, ಸಿಗದಿದ್ದರೆ ನಾಚಿಕೆಯಿಂದ ಫೋನ್ ಇಲ್ಲ. ನನ್ನ ತಮ್ಮನಿಗೆ ಉತ್ತರ ಕೊಟ್ಟ ಇನ್ನೊಬ್ಬ ಅಕ್ಕ ಹೈದರಾಬಾದಿನಲ್ಲಿ ಇದ್ದಾರೆ. ಅವರು ಹೇಳಿದ್ದು, ಐದು ವರ್ಷದಲ್ಲಿ ಇಪ್ಪತ್ತು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಇಬ್ಬರು ಮಾತ್ರ ತಿರುಗಿ ಮಾತಾಡಿದರು ಅಂತ. ಆ ಅಕ್ಕನಿಗೆ ಬೇಸರ ಬಂದು ಉತ್ತರ ಕೊಡುವುದನ್ನು ನಿಲ್ಲಿಸಿದರೆ ನಷ್ಟ ನಮ್ಮ ಮುಂದಿನ ಮಕ್ಕಳಿಗೆ.

ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಇರುವ ನಮ್ಮ ಭಾಗದವರು ಈ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತಾರೆ ಅಂತ ನನಗೆ ಗೊತ್ತು. ಅವರಲ್ಲಿ ಕೈಮುಗಿದು ಕೇಳುತ್ತೇನೆ. ನಿಮಗೆ ದಿನಾ ಎಷ್ಟು ಮೆಸೇಜು ಬರುತ್ತವೋ, ಅವು ಎಷ್ಟು ಒಂದೇ ಥರ ಇರುತ್ತವೋ, ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲರಿಗೂ ಉತ್ತರ ಕೊಡಿ ಅನ್ನುವುದಿಲ್ಲ. ತಿಂಗಳಿಗೆ ಒಬ್ಬರು. ಕಲಬುರಗಿ, ಬೀದರ್, ಯಾದಗಿರಿಯ ಒಂದು ಮಗುವಿಗೆ ಹತ್ತು ನಿಮಿಷ. ಕೆಲಸ ಕೊಡಿಸಬೇಡಿ, ಇಂಥದ್ದು ಕಲಿತುಕೋ, ಇಂಥ ಕಡೆ ಹೋಗಬೇಡ ಅಂತ ಹೇಳಿ ಸಾಕು. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದಾಗ ಓಣಿಯ ಹುಡುಗರು "ಅಣ್ಣಾ, ಎಷ್ಟು ಪಗಾರ" ಅಂತ ಕೇಳಿದರೆ ಸಿಟ್ಟಾಗಬೇಡಿ, ಪಗಾರದ ಬದಲು ಬೆಳಗ್ಗೆ ಆಫೀಸಿಗೆ ಹೋದ ಮೇಲೆ ಸಂಜೆವರೆಗೆ ಏನು ಮಾಡುತ್ತೀರಿ ಅಂತ ಹೇಳಿ. ಅದನ್ನು ಅವರಿಗೆ ಯಾರೂ ಹೇಳಿಲ್ಲ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಕೋರಿಕೆ. ನಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಕಾಲು ಪುಟ ಬಿಡಿ. ದೊಡ್ಡ ಸಾಧಕರು ಬೇಡ. ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಇರುವವರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು, ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ನಿಲ್ಲುವವರು, ಬೀದರಿನಲ್ಲಿ ಬಿದರಿ ಸಾಮಾನಿಗೆ ಆನ್‌ಲೈನ್ ಆರ್ಡರ್ ನೋಡಿಕೊಳ್ಳುವವರು, ಇಂಥವರು ತಮ್ಮ ಕೆಲಸ ಏನು, ಮೊದಲು ಯಾರಿಂದ ಸುದ್ದಿ ಸಿಕ್ಕಿತು, ಏನು ಕಲಿಯಬೇಕಾಯಿತು ಅಂತ ಹೇಳಲಿ. ಮೊದಲ ವಾರಕ್ಕೆ ಬೇಕಾದರೆ ನಮ್ಮ ಕಾಕಾನನ್ನು ನಾನೇ ಒಪ್ಪಿಸುತ್ತೇನೆ.

ಹೋದ ವಾರ ಒಬ್ಬ ಹುಡುಗಿ ಆಫೀಸಿಗೆ ಫೋನ್ ಮಾಡಿದ್ದಳು. ನಾವು ಸರಕು ಇಳಿಸುವ ಒಂದು ಗೋದಾಮಿನಲ್ಲಿ ಅವಳ ಅಣ್ಣ ಹಮಾಲಿ ಮಾಡುತ್ತಾನೆ, ಅವನು ನಂಬರು ಕೊಟ್ಟಿದ್ದಾನೆ. ಬಿ.ಕಾಂ. ಮುಗಿದಿದೆ, ಟ್ಯಾಲಿ ಕ್ಲಾಸಿಗೆ ಹೋಗಿದ್ದಾಳೆ, ಆದರೆ ನಿಜವಾದ ಅಂಗಡಿಯ ಲೆಕ್ಕ ಒಂದು ಸಲವೂ ಕೈಯಲ್ಲಿ ಹಿಡಿದಿಲ್ಲ. "ಅಕ್ಕಾರಿ, ನೌಕ್ರಿ ಕೇಳಲಿಕ್ಕ ಮಾಡಿಲ್ರಿ. ಏನ್ ಕಲೀಬೇಕು ಅಂತ ಹೇಳ್ರಿ" ಅಂದಳು. ಈ ಶನಿವಾರ ಮಧ್ಯಾಹ್ನ ಬರಲು ಹೇಳಿದ್ದೇನೆ. ಅಷ್ಟು ಹೊತ್ತಿಗೆ 20ನೇ ತಾರೀಖು ಮುಗಿದಿರುತ್ತದೆ. ಹಳೆಯ ತಿಂಗಳ ಒಂದು ಬ್ಯಾಂಕ್ ಸ್ಟೇಟ್‌ಮೆಂಟು ಅವಳಿಗಾಗಿ ತೆಗೆದಿಡಲೇ ಅಂತ ಮಾಲೀಕರನ್ನು ಕೇಳಿದೆ. ಹೂಂ ಅಂದಿದ್ದಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ
ಕಲಬುರಗಿ